ಇದನ್ನು ನೀನು ಓದು

ಊರಿನಿಂದ ಊರಿಗೆ ಸುದ್ದಿಯನ್ನು ಒಯ್ಯಲು ಅಂಚೆಯವನುಂಟು. ಹೊಲದಿಂದ ಸಂತೆಗೆ ರಾಗಿಯನ್ನು ಒಯ್ಯಲು ಗಾಡಿಯುಂಟು. ಆದರೆ ಒಂದು ಪುಸ್ತಕದ ರುಚಿಯನ್ನು ಒಬ್ಬರ ಮನಸ್ಸಿನಿಂದ ಮತ್ತೊಬ್ಬರ ಮನಸ್ಸಿಗೆ ಒಯ್ಯುವ ವಾಹನ ಯಾವುದು? ಅದು ‘ಇದನ್ನು ನೀನು ಓದು’ ಎಂಬ ಮೂರು ಪದಗಳ ಸಣ್ಣ ಮಾತು. ಈ ಮಾತನ್ನು ಆಡುವವನಿಗೆ ಸಂಬಳವಿಲ್ಲ, ಲಾಭವಿಲ್ಲ. ತಾನು ಸವಿದುದನ್ನು ಇನ್ನೊಬ್ಬರೂ ಸವಿಯಲಿ ಎಂಬ ಆಸೆಯೊಂದೇ ಅವನ ನಾಲಗೆಯನ್ನು ನುಡಿಸುತ್ತದೆ. ನಾಡಿನಲ್ಲಿ ಓದುಗರು ಹುಟ್ಟಿದ್ದು, ಹೆಚ್ಚಿದ್ದು ಬಹುಮಟ್ಟಿಗೆ ಈ ಮಾತಿನಿಂದಲೇ. ಈ ಮಾತು ಸುಲಭವಾಗಿ ಕಂಡರೂ ಅದನ್ನು ಆಡುವುದಕ್ಕೆ ಒಂದು ವಿವೇಕ ಬೇಕು. ಆ ವಿವೇಕವನ್ನು ನಾನು ಬಹಳ ತಡವಾಗಿ ಕಲಿತೆ. ಅದರ ಕಥೆಯನ್ನೇ ಇಲ್ಲಿ ಹೇಳುತ್ತೇನೆ.

ನನ್ನ ಬಾಲ್ಯ ಕಳೆದದ್ದು ಆನೇಕಲ್ಲಿನಲ್ಲಿ. ಇಂದು ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳೂ ನೆರೆಯ ಎಲೆಕ್ಟ್ರಾನಿಕ್ಸ್ ಸಿಟಿಯ ಗಾಜಿನ ಕಟ್ಟಡಗಳೂ ಈ ಸೀಮೆಯ ಗುರುತಾಗಿವೆ. ನಾನು ಎಂಟನೆಯ ತರಗತಿಯಲ್ಲಿದ್ದ 1972ರ ಸುಮಾರಿನಲ್ಲಿ ಹಾಗಿರಲಿಲ್ಲ. ಒಂದು ಕಡೆ ಬನ್ನೇರುಘಟ್ಟದ ಕಾಡು, ಇನ್ನೊಂದು ಕಡೆ ತಮಿಳುನಾಡಿನ ಗಡಿ, ನಡುವೆ ರಾಗಿಯ ಹೊಲಗಳು, ಕೆರೆಗಳು. ಊರಿನೊಳಗೆ ನೇಕಾರರ ಮನೆಗಳು. ಆ ಬೀದಿಗಳಲ್ಲಿ ನಡೆದರೆ ರೇಷ್ಮೆ ಸೀರೆ ನೇಯುವ ಮಗ್ಗಗಳ ಸದ್ದು ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿತ್ತು. ಮನೆಯಲ್ಲಿ ಕನ್ನಡವೋ ತೆಲುಗೋ ತಮಿಳೋ ಯಾವುದನ್ನು ಆಡಿದರೂ ಓದುವುದು ಮಾತ್ರ ಹೆಚ್ಚಿನವರಿಗೆ ಕನ್ನಡವೇ ಆಗಿತ್ತು.

ಬಸ್ ನಿಲ್ದಾಣದ ಬಳಿ ಬಾಡಿಗೆಗೆ ಪುಸ್ತಕ ಕೊಡುವ ಒಂದು ಪುಟ್ಟ ಅಂಗಡಿಯಿತ್ತು. ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಎಂಬ ದೊಡ್ಡ ಹೆಸರು. ಒಳಗೆ ಇಬ್ಬರು ನಿಂತರೆ ಮೂರನೆಯವನಿಗೆ ಜಾಗವಿಲ್ಲ. ದಿನಕ್ಕೆ ಕೆಲವು ಪೈಸೆಗಳ ಬಾಡಿಗೆ. ಪುಸ್ತಕಗಳಿಗೆಲ್ಲ ಕಂದು ಕಾಗದದ ಹೊದಿಕೆ, ದಪ್ಪ ದಾರದ ಹೊಲಿಗೆ. ಅಂಗಡಿಯವರು ಹೆಚ್ಚು ಓದಿದವರಲ್ಲ. ಆದರೆ ಊರಿನಲ್ಲಿ ಯಾರು ಏನನ್ನು ಓದುತ್ತಾರೆ ಎಂಬುದು ಅವರಿಗೆ ಅಂಗೈ ರೇಖೆಯಷ್ಟು ಪರಿಚಿತವಾಗಿತ್ತು. ನಾನು ಹೋದ ಕೂಡಲೇ, “ನಿಮ್ಮ ಅಜ್ಜಿಗೆ ಇದು ಬೇಡಪ್ಪ, ಇದರಲ್ಲಿ ರಾಣಿ ಸಾಯುತ್ತಾಳೆ. ಹಿಂದಿನ ವಾರವೇ ಅವರು ಅತ್ತಿದ್ದಾರೆ. ಈ ಸಲ ಇದನ್ನು ಕೊಡು” ಎಂದು ಬೇರೆ ಪುಸ್ತಕವನ್ನು ಕೈಗಿಡುತ್ತಿದ್ದರು.

ಅಲ್ಲಿಂದ ಹೊರಟ ಪುಸ್ತಕ ಒಬ್ಬರ ಕೈಯಲ್ಲಿ ಉಳಿಯುತ್ತಿರಲಿಲ್ಲ. ನಾನು ತಂದದ್ದನ್ನು ಅಜ್ಜಿ ಮಧ್ಯಾಹ್ನ ಓದುವರು. ಸಂಜೆ ಹಿತ್ತಲ ಬೇಲಿಯ ಮೇಲಿಂದ ಅದು ಪಕ್ಕದ ಮನೆಯ ಅಕ್ಕನ ಕೈ ಸೇರುವುದು. ಮರುದಿನ ಬೆಳಿಗ್ಗೆ ಎದುರಿನ ನೇಕಾರರ ಮನೆಗೆ ಹೋಗುವುದು. ಒಂದು ದಿನದ ಬಾಡಿಗೆಯಲ್ಲಿ ಮೂರು ಮನೆಗಳು ಓದುತ್ತಿದ್ದವು. ಪುಸ್ತಕದ ಜೊತೆಗೆ ಒಂದು ಅಭಿಪ್ರಾಯವೂ ಹೋಗುತ್ತಿತ್ತು: “ಮೊದಲು ಸ್ವಲ್ಪ ಬೇಸರ, ತಾಳಿಕೋ, ಆಮೇಲೆ ಕೈ ಬಿಡುವುದಿಲ್ಲ.”

ನೇಕಾರರ ಮನೆಯಲ್ಲಿ ಓದುವ ಕ್ರಮವೇ ಬೇರೆ. ಮಗ್ಗದ ಗುಂಡಿಯಲ್ಲಿ ಕುಳಿತವನ ಕೈಕಾಲುಗಳಿಗೆ ಬಿಡುವಿಲ್ಲ. ಕಿವಿಗೆ ಮಾತ್ರ ಬಿಡುವು. ಆದುದರಿಂದ ಕಂಡಿಕೆ ಸುತ್ತುತ್ತಿದ್ದ ಮಕ್ಕಳಲ್ಲಿ ಓದು ಬಲ್ಲವನೊಬ್ಬನನ್ನು ಕೂರಿಸಿ ಗಟ್ಟಿಯಾಗಿ ಓದಿಸುತ್ತಿದ್ದರು. ನಾನೂ ಎಷ್ಟೋ ರಜಾದಿನಗಳಲ್ಲಿ ಹಾಗೆ ಓದಿದ್ದೇನೆ. ಆ ಮನೆಯ ಯಜಮಾನರು ಒಂದು ನಿಯಮ ಮಾಡಿದ್ದರು: ರಾಜರಾಣಿಯರ ಕಥೆಯನ್ನು ಎಷ್ಟು ಬೇಕಾದರೂ ಓದಬಹುದು, ಪತ್ತೇದಾರಿ ಕಥೆಯನ್ನು ಸಂಜೆ ಕೆಲಸ ಮುಗಿದ ಮೇಲೆಯೇ ಓದಬೇಕು. ಕಾರಣ ಕೇಳಿದಾಗ ಅವರು ನಕ್ಕು ಹೇಳಿದರು: “ರಾಣಿಯ ಕಷ್ಟ ಕೇಳಿ ಇವರು ಅಳುತ್ತಾ ನೇಯುತ್ತಾರೆ. ಪತ್ತೇದಾರನು ಬಾಗಿಲು ತೆರೆದನೆಂದರೆ ಲಾಳಿಯೇ ನಿಂತುಬಿಡುತ್ತದೆ!”

ಆ ಯಜಮಾನರು ಸಾಹಿತ್ಯ ವಿಮರ್ಶಕರಲ್ಲ. ಆದರೂ ಜನರು ಒಬ್ಬರಿಂದೊಬ್ಬರು ಕೇಳಿ ಪಡೆದು ಓದುವ ಎರಡು ಬಗೆಯ ಕಾದಂಬರಿಗಳ ಸ್ವಭಾವವನ್ನು ಅವರು ಒಂದೇ ಮಾತಿನಲ್ಲಿ ಹಿಡಿದಿದ್ದರು. ಅವುಗಳ ಹಿನ್ನೆಲೆಯನ್ನು ತುಸು ನೋಡೋಣ.

ಕನ್ನಡದಲ್ಲಿ ಐತಿಹಾಸಿಕ ರಮ್ಯ ಕಾದಂಬರಿಗೆ ಓದುಗರನ್ನು ಮೊದಲು ಗಳಿಸಿಕೊಟ್ಟವರಲ್ಲಿ ಬಿ. ವೆಂಕಟಾಚಾರ್ಯರು (1845-1914) ಪ್ರಮುಖರು. ಅವರು ಬಂಗಾಳಿ ಭಾಷೆಯನ್ನು ಕಲಿತು ಬಂಕಿಮಚಂದ್ರರ ‘ದುರ್ಗೇಶನಂದಿನಿ’ ಮೊದಲಾದ ಕೃತಿಗಳನ್ನು ಕನ್ನಡಕ್ಕೆ ತಂದರು. ಉತ್ತರ ಕರ್ನಾಟಕದಲ್ಲಿ ಗಳಗನಾಥರು (1869-1942) ಅದೇ ಕೆಲಸವನ್ನು ಕೈಗೊಂಡರು. ವಿಜಯನಗರ ಸಾಮ್ರಾಜ್ಯದ ಸ್ಥಾಪನೆಯ ಕಥೆಯಾದ ‘ಮಾಧವ ಕರುಣಾ ವಿಲಾಸ’ ಅವರ ಪ್ರಸಿದ್ಧ ಕೃತಿ. ವೃತ್ತಿಯಿಂದ ಶಾಲಾ ಶಿಕ್ಷಕರಾಗಿದ್ದ ಅವರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು, ಊರೂರು ತಿರುಗಿ, ಮನೆ ಮನೆಯ ಬಾಗಿಲಲ್ಲಿ ನಿಂತು ಮಾರಿದರು. ಬರೆದವನೇ ಬಂದು ‘ಇದನ್ನು ಓದಿರಿ’ ಎಂದು ಬೇಡುವಂಥ ಕಾಲ ಅದು. ಕನ್ನಡದಲ್ಲಿ ಓದುಗರೇ ಇಲ್ಲವೆಂದು ಇತರರು ಹೇಳುತ್ತಿದ್ದಾಗ ಅವರು ಓದುಗರನ್ನು ಹುಡುಕಿಕೊಂಡು ನಡೆದರು.

ಮುಂದೆ ಈ ಹಾದಿ ಹೆದ್ದಾರಿಯಾಯಿತು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸುತ್ತಿದ್ದ ಕೆ.ವಿ. ಅಯ್ಯರ್ ಅವರು ಹೊಯ್ಸಳರ ರಾಣಿಯನ್ನು ಕುರಿತು ‘ಶಾಂತಲಾ’ ಕಾದಂಬರಿಯನ್ನು ಬರೆದರು. ಮಾಲೂರು ತಾಲ್ಲೂಕಿನವರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕೊಡಗಿನ ಕೊನೆಯ ಅರಸನ ಪತನವನ್ನು ‘ಚಿಕವೀರ ರಾಜೇಂದ್ರ’ದಲ್ಲಿ ಚಿತ್ರಿಸಿದರು, 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ತ.ರಾ. ಸುಬ್ಬರಾಯರು (1920-1984) ಚಿತ್ರದುರ್ಗದ ಪಾಳೆಯಗಾರರ ಇತಿಹಾಸವನ್ನು ಆಧರಿಸಿ ಕಾದಂಬರಿಗಳ ಮಾಲೆಯನ್ನೇ ರಚಿಸಿದರು. ಅವುಗಳಲ್ಲಿ ಕೊನೆಯದಾಗಿ ಬಂದ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಾಗ ಅವರು ಬದುಕಿರಲಿಲ್ಲ.

ಪತ್ತೇದಾರಿ ಕಾದಂಬರಿಯ ಕಥೆಯೂ ಸ್ವಾರಸ್ಯವಾದುದೇ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲಿ ಪ್ರಕಟಿಸಿದ ಒಂದು ಕಥೆಯಿಂದ ಆಧುನಿಕ ಪತ್ತೇದಾರಿ ಸಾಹಿತ್ಯದ ಆರಂಭವನ್ನು ಗುರುತಿಸುವುದು ವಾಡಿಕೆ. 1887ರಲ್ಲಿ ಕಾನನ್ ಡಾಯ್ಲ್ ಅವರ ಷರ್ಲಾಕ್ ಹೋಮ್ಸ್ ಬಂದನು. ಆಗಾಥಾ ಕ್ರಿಸ್ಟಿಯವರ 1930ರ ಕಾದಂಬರಿಯಲ್ಲಿ ಮಿಸ್ ಮಾರ್ಪಲ್ ಎಂಬ ವೃದ್ಧೆ ಕಾಣಿಸಿಕೊಂಡಳು. ಆಕೆ ಒಂದು ಪುಟ್ಟ ಹಳ್ಳಿಯಲ್ಲಿ ಉಣ್ಣೆಯ ಹೆಣಿಗೆ ಹಾಕುತ್ತಾ ಕುಳಿತು, ನೆರೆಹೊರೆಯವರ ನಡೆನುಡಿಗಳನ್ನು ಗಮನಿಸಿಯೇ ಅಪರಾಧಿಯನ್ನು ಹಿಡಿಯುತ್ತಾಳೆ. ಇಂಥ ಕಥೆಗಳಲ್ಲಿ ರಕ್ತಪಾತದ ವರ್ಣನೆ ಕಡಿಮೆ, ಬುದ್ಧಿಯ ಆಟ ಹೆಚ್ಚು. ಆನೇಕಲ್ಲಿನ ಜಗಲಿಗಳ ಮೇಲೆ ಕುಳಿತು, ಯಾರು ಯಾವ ಬಸ್ಸಿನಲ್ಲಿ ಬಂದರು, ಯಾವ ಬಸ್ಸಿನಲ್ಲಿ ಹೋದರು ಎಂದು ಲೆಕ್ಕವಿಡುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಮಿಸ್ ಮಾರ್ಪಲ್ ತೀರ ಹೊಸಬಳಾಗಿ ಕಾಣುತ್ತಿರಲಿಲ್ಲ.

ಕನ್ನಡದಲ್ಲಿ ಈ ಪ್ರಕಾರವನ್ನು ಮನೆಮಾತಾಗಿಸಿದವರು ಎನ್. ನರಸಿಂಹಯ್ಯನವರು (1925-2011). ಶಾಲೆಯಲ್ಲಿ ಅವರು ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಗೊತ್ತಿಲ್ಲದ ಹುಡುಗ ನಮ್ಮ ಕಾಲದಲ್ಲಿರಲಿಲ್ಲ. ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ ಎಂಬುದನ್ನು ಬಹಳ ಜನ ಮರೆತಿದ್ದಾರೆ. ಅಕ್ಷರ ಕಲಿತೂ ಪುಸ್ತಕ ಹಿಡಿಯದ ಸಾವಿರಾರು ಜನರನ್ನು ಕನ್ನಡ ಓದಿನ ಅಂಗಳಕ್ಕೆ ಕರೆತಂದ ಕೀರ್ತಿ ಇವರಿಗೆ ಸಲ್ಲಬೇಕು.

ಈ ಎರಡು ಬಗೆಯ ಪುಸ್ತಕಗಳನ್ನು ಇನ್ನೊಬ್ಬರಿಗೆ ಹೇಳುವ ರೀತಿಯಲ್ಲಿ ಒಂದು ಮುಖ್ಯ ವ್ಯತ್ಯಾಸವಿದೆ. ಐತಿಹಾಸಿಕ ಕಾದಂಬರಿಯ ಕೊನೆ ಎಲ್ಲರಿಗೂ ಗೊತ್ತು. 1779ರಲ್ಲಿ ಚಿತ್ರದುರ್ಗವು ಹೈದರಾಲಿಯ ವಶವಾಯಿತು, ಮದಕರಿನಾಯಕನು ಸೆರೆಯಾದನು. ಕಾದಂಬರಿಕಾರನು ಇದನ್ನು ಬದಲಿಸಲಾರ. ಆದರೂ ನಾವು ಓದುತ್ತೇವೆ, ಕೊನೆಯ ಪುಟಕ್ಕೆ ಬಂದಾಗ ಕೋಟೆ ಬೀಳದಿರಲಿ ಎಂದು ಒಳಗೊಳಗೇ ಹಾರೈಸುತ್ತೇವೆ. ಅಲ್ಲಿ ನಮ್ಮನ್ನು ಹಿಡಿದಿಡುವುದು ‘ಮುಂದೇನು’ ಎಂಬ ಪ್ರಶ್ನೆಯಲ್ಲ, ‘ಅಯ್ಯೋ, ಹೀಗೇಕಾಯಿತು’ ಎಂಬ ಮರುಕ. ಆದುದರಿಂದ ಅಂಥ ಪುಸ್ತಕದ ಕಥೆಯನ್ನು ಗೆಳೆಯನಿಗೆ ವಿವರವಾಗಿ ಹೇಳಿದರೂ ಅದರ ಸೊಗಸು ಕೆಡುವುದಿಲ್ಲ.

ಪತ್ತೇದಾರಿ ಕಾದಂಬರಿ ಹಾಗಲ್ಲ. ಅದರ ಜೀವ ಕೊನೆಯ ಪುಟಗಳಲ್ಲಿ ಅಡಗಿರುತ್ತದೆ. ನಮ್ಮ ಬಾಡಿಗೆ ಅಂಗಡಿಯ ಒಂದು ಪುಸ್ತಕದ ಮೊದಲ ಪುಟದಲ್ಲಿಯೇ ಯಾರೋ ಒಬ್ಬ ಕಿಡಿಗೇಡಿ ಪೆನ್ಸಿಲಿನಿಂದ ‘ಕೊಲೆ ಮಾಡಿದವನು ವೈದ್ಯ’ ಎಂದು ಬರೆದಿಟ್ಟಿದ್ದನು. ಅಂಗಡಿಯವರು ಸಿಟ್ಟಾಗಿ ಅದನ್ನು ಅಳಿಸಲಿಲ್ಲ. ಅದರ ಕೆಳಗೆ ‘ಅಲ್ಲ, ತೋಟದ ಮಾಲಿ’ ಎಂದೂ, ಅದರ ಕೆಳಗೆ ಬೇರೆ ಅಕ್ಷರದಲ್ಲಿ ‘ಅಲ್ಲ, ತಮ್ಮ’ ಎಂದೂ ತಾವೇ ಬರೆದರು. ಅಂದಿನಿಂದ ಆ ಪುಸ್ತಕಕ್ಕೆ ಬೇಡಿಕೆ ಹೆಚ್ಚಿತು! ಪತ್ತೇದಾರಿ ಪುಸ್ತಕವನ್ನು ಶಿಫಾರಸು ಮಾಡುವವನಿಗೆ ಮಾತಿನಷ್ಟೇ ಮೌನವೂ ಬೇಕು. ತನಗೆ ಗೊತ್ತಿರುವುದನ್ನು ಹೇಳದೆ ಉಳಿಸಿ, ಇನ್ನೊಬ್ಬನು ತಾನೇ ಕಂಡುಕೊಳ್ಳುವ ಸುಖವನ್ನು ಕಾಪಾಡುವುದು ಒಂದು ಸೌಜನ್ಯ. ಶಿಕ್ಷಕನಿಗೂ ಇದೇ ಗುಣ ಬೇಕೆಂದು ನನಗೆ ಆಗ ತೋರಲಿಲ್ಲ.

ಏಕೆಂದರೆ ನಾನು ಕನ್ನಡದಲ್ಲಿ ಎಂ.ಎ. ಪದವಿ ಪಡೆದು ಶಿಕ್ಷಕನಾದೆ; ಪದವಿಯೊಂದಿಗೆ ಸ್ವಲ್ಪ ಅಹಂಕಾರವನ್ನೂ ಪಡೆದೆ. ಪಂಪ, ರನ್ನ, ಕುಮಾರವ್ಯಾಸರನ್ನು ಓದಿದವನಿಗೆ ಬಾಡಿಗೆ ಅಂಗಡಿಯ ಪುಸ್ತಕಗಳು ಕಸವೆಂದು ಕಂಡವು. ಅವುಗಳಿಂದಲೇ ನಾನು ಓದು ಕಲಿತದ್ದೆಂಬುದನ್ನು ಮರೆತೆ.

1986ರ ಒಂದು ಮಧ್ಯಾಹ್ನ. ಒಂಬತ್ತನೆಯ ತರಗತಿಯಲ್ಲಿ ಹಳಗನ್ನಡ ಪದ್ಯವೊಂದನ್ನು ವಿವರಿಸುತ್ತಿದ್ದೆ. ಹಿಂದಿನ ಸಾಲಿನ ಹುಡುಗನೊಬ್ಬ ಪಠ್ಯಪುಸ್ತಕದೊಳಗೆ ಪತ್ತೇದಾರಿ ಕಾದಂಬರಿಯನ್ನು ಇಟ್ಟುಕೊಂಡು ಓದುತ್ತಿದ್ದುದು ಕಣ್ಣಿಗೆ ಬಿತ್ತು. ಅವನು ನೇಕಾರರ ಮನೆಯವನು. ಬೆಳಿಗ್ಗೆ ಕಂಡಿಕೆ ಸುತ್ತಿ ಶಾಲೆಗೆ ಬರುತ್ತಿದ್ದವನು. ಪಾಠದ ಹೊತ್ತಿನಲ್ಲಿ ಬೇರೆ ಪುಸ್ತಕ ಓದಿದ್ದು ತಪ್ಪೇ ಸರಿ. ಆದರೆ ನಾನು ಅಷ್ಟಕ್ಕೆ ನಿಲ್ಲಲಿಲ್ಲ. ಪುಸ್ತಕವನ್ನು ಕಿತ್ತುಕೊಂಡು, ಎತ್ತಿ ಹಿಡಿದು, “ಇದು ಸಾಹಿತ್ಯವಲ್ಲ, ಕಸ. ಕಸವನ್ನು ಓದುವವನ ತಲೆಯಲ್ಲಿ ಕಸವೇ ತುಂಬುತ್ತದೆ” ಎಂದೆ. ತರಗತಿಯೆಲ್ಲ ನಕ್ಕಿತು. ಮರುದಿನ ಶಾಲೆಯ ಗ್ರಂಥಭಂಡಾರದಿಂದ ಹಳಗನ್ನಡ ಕಾವ್ಯವೊಂದರ ಗದ್ಯಾನುವಾದವನ್ನು ತಂದು, “ಇದನ್ನು ನೀನು ಓದು” ಎಂದು ಅವನ ಮುಂದಿಟ್ಟೆ. ಒಂದು ವಾರದ ಮೇಲೆ ಅವನು ಅದನ್ನು ಮರಳಿಸಿದನು. ಮತ್ತೆ ಯಾವ ಪುಸ್ತಕವನ್ನೂ ಕೇಳಲಿಲ್ಲ. ಅವನಿಗೆ ಶಿಸ್ತು ಬಂದಿತೆಂದು ನಾನು ತಿಳಿದೆ.

ಕಿತ್ತುಕೊಂಡ ಕಾದಂಬರಿ ನನ್ನ ಕಪಾಟಿನಲ್ಲಿ ಕೆಲವು ದಿನ ಇದ್ದು, ಆಮೇಲೆ ಎಲ್ಲಿಯೋ ಕಳೆದುಹೋಯಿತು.

ನಾನು ನಿವೃತ್ತನಾದ ಬಳಿಕ, ಚಂದಾಪುರದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ನಡುವಯಸ್ಸಿನ ಒಬ್ಬರು ಬಂದು ನಮಸ್ಕರಿಸಿದರು. ಅದೇ ಹುಡುಗ. ಮಗ್ಗ ಬಿಟ್ಟು ಬಹುಕಾಲವಾಗಿ, ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುತ್ತಿದ್ದರು. ಕ್ಷೇಮಸಮಾಚಾರವಾದ ಮೇಲೆ ನಗುತ್ತಲೇ ಕೇಳಿದರು: “ಮೇಷ್ಟ್ರೇ, ಆ ಪುಸ್ತಕ ನಿಮ್ಮ ಹತ್ತಿರ ಇನ್ನೂ ಇದೆಯೇ? ಕೊನೆಯ ಹದಿನೈದು ಪುಟ ಉಳಿದಿತ್ತು. ಕೊಂದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.”

ನಾನು ಮಾತನಾಡಲಾರದೆ ನಿಂತೆ. ಅವರೇ ಮುಂದುವರಿಸಿದರು. ಅದು ಬಾಡಿಗೆಯ ಪುಸ್ತಕ. ಅದರ ಬೆಲೆಯನ್ನು ಅಂಗಡಿಗೆ ಕಟ್ಟಲು ಅವರು ಎರಡು ತಿಂಗಳು ಕಂಡಿಕೆ ಸುತ್ತಿದ ಹಣವನ್ನು ಕೂಡಿಡಬೇಕಾಯಿತು. ಅಲ್ಲಿಯವರೆಗೆ ಅಂಗಡಿಗೆ ಹೋಗಲು ನಾಚಿಕೆ; ಆಮೇಲೆ ಹೋಗುವ ಅಭ್ಯಾಸವೇ ತಪ್ಪಿತು. “ನೀವು ಕೊಟ್ಟ ಪುಸ್ತಕ ದೊಡ್ಡದೇ ಇರಬೇಕು ಮೇಷ್ಟ್ರೇ. ನನಗೆ ಅರ್ಥವಾಗಲಿಲ್ಲ. ಓದು ನನ್ನಂಥವರಿಗಲ್ಲ ಅಂದುಕೊಂಡೆ” ಎಂದರು. ಅವರ ದನಿಯಲ್ಲಿ ದೂರಿರಲಿಲ್ಲ. ದೂರಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್.ಆರ್. ರಂಗನಾಥನ್ ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು 1972ರಲ್ಲಿ ಇಲ್ಲಿಯೇ ತೀರಿಕೊಂಡರು. 1931ರಲ್ಲಿ ಅವರು ಗ್ರಂಥಾಲಯಕ್ಕೆ ಐದು ಸೂತ್ರಗಳನ್ನು ರೂಪಿಸಿದರು. ಒಬ್ಬೊಬ್ಬ ಓದುಗನಿಗೂ ಅವನಿಗೆ ಒಪ್ಪುವ ಪುಸ್ತಕ ದೊರೆಯಬೇಕು, ಒಂದೊಂದು ಪುಸ್ತಕಕ್ಕೂ ಅದಕ್ಕೆ ತಕ್ಕ ಓದುಗ ಸಿಗಬೇಕು ಎಂಬುದು ಅವುಗಳಲ್ಲಿ ಎರಡು ಸೂತ್ರಗಳ ಸಾರ. ಈ ಸೂತ್ರಗಳನ್ನು ನಾನು ಪರೀಕ್ಷೆಗೆ ಓದಿದವನಂತೆ ಬಲ್ಲೆ. ಅವುಗಳ ಹೆಸರನ್ನೂ ಕೇಳದ ನಮ್ಮ ಬಾಡಿಗೆ ಅಂಗಡಿಯವರು ಅವುಗಳಂತೆ ನಡೆಯುತ್ತಿದ್ದರು. ಅವರು ಮೊದಲು ಮನುಷ್ಯನನ್ನು ನೋಡಿ ಆಮೇಲೆ ಪುಸ್ತಕವನ್ನು ತೆಗೆಯುತ್ತಿದ್ದರು. ನಾನು ಪುಸ್ತಕವನ್ನು ಮಾತ್ರ ನೋಡಿದೆ, ಹುಡುಗನನ್ನು ನೋಡಲಿಲ್ಲ.

ಹಾಗಾದರೆ ಎಲ್ಲ ಪುಸ್ತಕಗಳೂ ಒಂದೇ ಎಂದು ಹೇಳಬಹುದೇ? ಹೇಳಲಾಗದು. ಅವಸರದಲ್ಲಿ ಬರೆದ ಪೊಳ್ಳು ಪುಸ್ತಕಗಳು ಎರಡು ಪ್ರಕಾರಗಳಲ್ಲಿಯೂ ಬೇಕಾದಷ್ಟಿವೆ. ರಮ್ಯ ಕಾದಂಬರಿಯನ್ನು ಇತಿಹಾಸವೆಂದೇ ನಂಬುವ ಅಪಾಯವೂ ಉಂಟು. ಶಾಂತಲೆಯು 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಅವಳು ಬೆಟ್ಟದ ತುದಿಯಿಂದ ಧುಮುಕಿದಳೆಂಬ ಕಥೆಯನ್ನು ಜನರ ನಾಲಗೆ ಹೇಳುತ್ತದೆ. ಎರಡನ್ನೂ ತಿಳಿದು, ಯಾವುದು ಶಾಸನ, ಯಾವುದು ಕಲ್ಪನೆ ಎಂದು ಬೇರ್ಪಡಿಸಿ ಹೇಳುವುದು ಒಳ್ಳೆಯ ಸಲಹೆಗಾರನ ಕರ್ತವ್ಯ. ತನಗೆ ಮೆಚ್ಚಿಗೆಯಾದ ಪುಸ್ತಕದ ದೋಷವನ್ನೂ ಅವನು ಮುಚ್ಚಿಡಬಾರದು. ಒಮ್ಮೆ ಸುಳ್ಳು ಹೊಗಳಿದವನ ಮಾತನ್ನು ಓದುಗನು ಮತ್ತೆ ನಂಬುವುದಿಲ್ಲ.

ಆದರೆ ಮೆಟ್ಟಿಲನ್ನು ಕಿತ್ತುಹಾಕಿ ಮಹಡಿಯನ್ನು ಹತ್ತೆಂದರೆ ಯಾರು ಹತ್ತಿಯಾರು? ಪುರುಷೋತ್ತಮನ ಸಾಹಸಗಳನ್ನು ಮೆಚ್ಚಿದ ಹುಡುಗನಿಗೆ ಮುಂದೆ ಟಿ.ಕೆ. ರಾಮರಾವ್ ಅವರ ಕಾದಂಬರಿಗಳನ್ನು ಕೊಡಬಹುದಿತ್ತು. ಅಲ್ಲಿಂದ ಪೂರ್ಣಚಂದ್ರ ತೇಜಸ್ವಿಯವರ ‘ಜುಗಾರಿ ಕ್ರಾಸ್’ಗೆ ಒಂದೇ ಹೆಜ್ಜೆ. ಅಲ್ಲಿಗೆ ಬಂದವನಿಗೆ ಕಾಡೂ ನಾಡೂ ಮನುಷ್ಯನ ದುರಾಸೆಯೂ ಬೇರೆಯಾಗಿಯೇ ಕಾಣುತ್ತವೆ. ದುರ್ಗದ ಕಥೆಗಳಿಂದ ‘ಚಿಕವೀರ ರಾಜೇಂದ್ರ’ಕ್ಕೂ ಅಂಥದೇ ದಾರಿಯಿದೆ. ಆ ದಾರಿಯಲ್ಲಿ ಕೈಹಿಡಿದು ನಡೆಸಬೇಕಾಗಿದ್ದವನು ದಾರಿಗೆ ಅಡ್ಡಲಾಗಿ ನಿಂತೆ.

ಆ ಕಾದಂಬರಿಯ ಪ್ರತಿಗಾಗಿ ನಾನು ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳಲ್ಲಿ ಅಲೆದೆ. ದೊರೆಯಲಿಲ್ಲ. ಬಾಡಿಗೆ ಅಂಗಡಿಯೂ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ಇದನ್ನು ತಿಳಿಸಲು ಒಂದು ಭಾನುವಾರ ಅವರ ಮನೆಗೆ ಹೋದೆ. ಅವರು ನನ್ನನ್ನೇ ಸಮಾಧಾನಪಡಿಸಿದರು: “ಹೋಗಲಿ ಬಿಡಿ ಮೇಷ್ಟ್ರೇ. ರಾತ್ರಿ ಪಾಳಿಯಲ್ಲಿ ಯಂತ್ರದ ಮುಂದೆ ನಿಂತಾಗ ನಾನೇ ಅದಕ್ಕೆ ನಾಲ್ಕು ಬಗೆಯ ಕೊನೆ ಕಟ್ಟಿದ್ದೇನೆ.” ನಾಲ್ಕನ್ನೂ ಹೇಳಿದರು. ಮೂರನೆಯದು ನಿಜವಾಗಿಯೂ ಚೆನ್ನಾಗಿತ್ತು.

ಬಾಗಿಲ ಬಳಿ ನಿಂತು ಕೇಳುತ್ತಿದ್ದ ಅವರ ಮಗಳು ಒಂಬತ್ತನೆಯ ತರಗತಿಯವಳು. “ತಾತ, ನಾನು ಏನು ಓದಲಿ?” ಎಂದು ಕೇಳಿದಳು. ಮೂವತ್ತು ವರ್ಷಗಳ ಅಭ್ಯಾಸಬಲದಿಂದ ನಾಲ್ಕಾರು ದೊಡ್ಡ ಹೆಸರುಗಳು ನನ್ನ ನಾಲಗೆಯ ತುದಿಗೆ ಬಂದವು. ತಡೆದುಕೊಂಡೆ. “ನಿನಗೆ ಎಂಥ ಕಥೆ ಇಷ್ಟ, ಮಗು? ಕೊನೆಗೆ ಅಳು ಬರುವಂಥದೋ, ಕೊನೆಯವರೆಗೆ ಗೊತ್ತಾಗದಂಥದೋ?” ಎಂದು ಕೇಳಿದೆ. ಅವಳು ಸ್ವಲ್ಪ ಯೋಚಿಸಿ, “ಗೊತ್ತಾಗದಂಥದು” ಎಂದಳು. ಅವಳ ತಂದೆ ನಕ್ಕರು. ಮುಂದಿನ ಭಾನುವಾರ ಅವಳನ್ನು ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ ಒಂದು ಪತ್ತೇದಾರಿ ಕಾದಂಬರಿಯನ್ನು ಕೊಡಿಸಿದೆ. ಅವಳು ಓದಿ ಮುಗಿಸುವವರೆಗೆ ಅದರ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ.

ಎರಡು ವಾರಗಳ ಬಳಿಕ ಆ ಪುಸ್ತಕವನ್ನು ಅವಳ ತಂದೆ ಓದುತ್ತಿದ್ದಾರೆಂದು ತಿಳಿಯಿತು. “ಅಪ್ಪ, ಇದನ್ನು ನೀನು ಓದು” ಎಂದು ಅವಳೇ ಕೊಟ್ಟಳಂತೆ. ಕೊಂದವರು ಯಾರೆಂದು ಎಷ್ಟು ಕೇಳಿದರೂ ಹೇಳಲಿಲ್ಲವಂತೆ.

ಅಭ್ಯಾಸ

1. ಐತಿಹಾಸಿಕ ಕಾದಂಬರಿಯನ್ನೂ ಪತ್ತೇದಾರಿ ಕಾದಂಬರಿಯನ್ನೂ ಇನ್ನೊಬ್ಬರಿಗೆ ಹೇಳುವ ರೀತಿಯಲ್ಲಿ ಲೇಖಕರು ಕಾಣುವ ವ್ಯತ್ಯಾಸವೇನು?
2. ಗಳಗನಾಥರು ಓದುಗರನ್ನು ಹೇಗೆ ಗಳಿಸಿದರು?
3. ಬಾಡಿಗೆ ಅಂಗಡಿಯವರು ರಂಗನಾಥನ್ ಅವರ ಸೂತ್ರಗಳಂತೆ ನಡೆಯುತ್ತಿದ್ದರೆಂದು ಲೇಖಕರು ಏಕೆ ಹೇಳುತ್ತಾರೆ?
4. “ದೂರಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.” ಈ ಮಾತಿನ ಸಂದರ್ಭವನ್ನೂ ಸ್ವಾರಸ್ಯವನ್ನೂ ವಿವರಿಸಿ.
5. ನೀವು ಮೆಚ್ಚಿದ ಒಂದು ಪುಸ್ತಕವನ್ನು, ಅದರ ಕೊನೆಯನ್ನು ಬಯಲು ಮಾಡದೆ, ನಿಮ್ಮ ಗೆಳೆಯನಿಗೆ ಅಥವಾ ಗೆಳತಿಗೆ ಪರಿಚಯಿಸಿ ಒಂದು ಪತ್ರ ಬರೆಯಿರಿ.